ಪ್ರಾಯೋಜಕರು ಯೂನಿವರ್ಸಿಟಿ ಅಂತಿದೆ, ಅಪ್ಪನನ್ನು ಟ್ರಯಲ್‌ಗೆ ಸೇರಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ. ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮಾಗಿ ತೋಟಕ್ಕೆ ಹೋಗಿ ಬರುತ್ತಾರೆ. ಕಳೆದ ವಾರ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಚೆಕಪ್‌ಗೆ ಹೋದಾಗ ಒಬ್ಬರು ಬಂದು "ಒಂದು ಸ್ಟಡಿ ಇದೆ, ಸೇರ್ತೀರಾ?" ಅಂತ ಕೇಳಿ 14 ಪುಟದ ಕಾಗದ ಕೊಟ್ಟರು. ಗೌಟ್ ಕಾಯಿಲೆಗೆ ಕೊಡುವ ಕಾಲ್ಚಿಸಿನ್ ಅನ್ನೋ ಮಾತ್ರೆಯಂತೆ. ಅರ್ಧ ಜನಕ್ಕೆ ಅದು, ಇನ್ನರ್ಧ ಜನಕ್ಕೆ ಔಷಧ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ವಂತೆ. 'ಪ್ರಾಯೋಜಕರು' ಅನ್ನೋ ಕಡೆ ಒಂದು ವಿಶ್ವವಿದ್ಯಾಲಯದ ಹೆಸರಿದೆ. ಯಾವ ಔಷಧ ಕಂಪನಿ ಹೆಸರೂ ಇಲ್ಲ. ನಮ್ಮ ಭಾವ "ಮಾವನನ್ನ ಇಲಿ ಮಾಡ್ತಾರೆ, ಬೇಡ" ಅಂತಾರೆ. ಪಕ್ಕದ ಮನೆ ನರ್ಸ್ ಅಕ್ಕ "ಕಂಪನಿನೇ ಇಲ್ಲ ಅಂದ್ಮೇಲೆ ಭಯ ಯಾಕೆ, ಎಲ್ಲಾ ಫ್ರೀ, ಸೇರಿಸು" ಅಂತಾರೆ. ನಾವು ಒಲ್ಲೆ ಅಂದರೆ ಮುಂದೆ ಅಪ್ಪನನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ? ಯೂನಿವರ್ಸಿಟಿಗೆ ಇದರಿಂದ ಏನು ಲಾಭ? ಏನಾದರೂ ಹೆಚ್ಚು ಕಡಿಮೆ ಆದರೆ ಯಾರು ಜವಾಬ್ದಾರಿ?

ಉತ್ತರ: ನಿಮ್ಮ ಭಾವ ಮತ್ತು ನರ್ಸ್ ಅಕ್ಕ ಎದುರುಬದುರು ಮಾತಾಡಿದ ಹಾಗೆ ಕಾಣುತ್ತದೆ. ಆದರೆ ಇಬ್ಬರ ಕಣ್ಣೂ ಒಂದೇ ಕಡೆ ಇದೆ: ಹಿಂದೆ ಕಂಪನಿ ಇದೆಯಾ, ಇಲ್ಲವಾ? ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಫಾರ್ಮಕಾಲಜಿ (ಔಷಧಗಳ ವಿಜ್ಞಾನ) ಪಾಠ ಮಾಡಿದವಳು. ಅದರಲ್ಲಿ ಹನ್ನೊಂದು ವರ್ಷ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಟ್ರಯಲ್ ನಡೆಸಬಹುದಾ ಅಂತ ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿಯಲ್ಲಿ, ಕೂತಿದ್ದೇನೆ. ಟ್ರಯಲ್ ಫೈಲ್ ಕೈಗೆ ಬಂದರೆ ನಾನು ಮೊದಲು ಕಂಪನಿ ಹೆಸರು ಹುಡುಕುವುದಿಲ್ಲ. ನೀವು ಕೊನೆಯಲ್ಲಿ ಕೇಳಿದಿರಲ್ಲ, ಹೆಚ್ಚು ಕಡಿಮೆ ಆದರೆ ಯಾರು ಅಂತ, ಅದನ್ನು ಹುಡುಕುತ್ತೇನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

'ಪ್ರಾಯೋಜಕರು' ಅನ್ನುವ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ನಮಗೆ ಪ್ರಾಯೋಜಕರು ಅಂದರೆ ಕ್ರಿಕೆಟ್ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡವರು, ಗಣಪತಿ ಪೆಂಡಾಲಿಗೆ ದುಡ್ಡು ಕೊಟ್ಟು ಫ್ಲೆಕ್ಸ್‌ನಲ್ಲಿ ಫೋಟೊ ಬರಿಸಿಕೊಂಡವರು. ಟ್ರಯಲ್‌ನಲ್ಲಿ ಅದರ ಅರ್ಥ ಬೇರೆ. ಇಲ್ಲಿ ಪ್ರಾಯೋಜಕರು ಅಂದರೆ ಮದುವೆ ಮನೆಯ ಯಜಮಾನ ಇದ್ದ ಹಾಗೆ. ಛತ್ರದ ಬಾಡಿಗೆ ಸೋದರಮಾವ ಕೊಟ್ಟಿರಬಹುದು, ಹೂವಿನ ಖರ್ಚು ಚಿಕ್ಕಪ್ಪನದ್ದಿರಬಹುದು. ಸಾರು ಸಾಲದೆ ಬಂದರೆ ಜನ ಹುಡುಕುವುದು ಯಜಮಾನನನ್ನೇ ಅಲ್ವಾ? ಟ್ರಯಲ್ ಹೇಗೆ ನಡೆಯಬೇಕು ಅಂತ ಬರೆಯುವುದು, ಮಾತ್ರೆ ಸರಿಯಾಗಿದೆಯಾ ನೋಡುವುದು, ತೊಂದರೆ ಆದರೆ ವರದಿ ಮಾಡುವುದು, ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಹೊರುವುದು, ಇವೆಲ್ಲ ಪ್ರಾಯೋಜಕರ ಕೆಲಸ.

ದುಡ್ಡು ಎಲ್ಲಿಂದ ಬಂತು ಅನ್ನುವುದು ಬೇರೆಯೇ ಲೆಕ್ಕ. ಒಂದು ಉದಾಹರಣೆ ಕೊಡುತ್ತೇನೆ. ಬಿಪಿ, ಕೊಲೆಸ್ಟರಾಲ್ ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಟ್ಟರೆ ಹೃದಯದ ಕಾಯಿಲೆ ಕಡಿಮೆ ಆಗುತ್ತದಾ ಅಂತ ನೋಡಿದ ಟಿಪ್ಸ್-3 ಎಂಬ ಟ್ರಯಲ್ ಇದೆ. ಫಲಿತಾಂಶ ಬಂದದ್ದು 2020ರಲ್ಲಿ. ಅದರ ಯಜಮಾನಿಕೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಸಂಸ್ಥೆಯದ್ದು. ಸೇರಿದ್ದ 5,713 ಜನರಲ್ಲಿ ಸುಮಾರು ಅರ್ಧ ಭಾರತದವರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪಾತ್ರ ಅದರಲ್ಲಿ ದೊಡ್ಡದು. ಆದರೆ ಗುಳಿಗೆ ತಯಾರಿಸಿದ್ದು ಕ್ಯಾಡಿಲಾ ಕಂಪನಿ. ಅಂದರೆ ವಿಶ್ವವಿದ್ಯಾಲಯದ ಟ್ರಯಲ್ ಅಂದ ಮಾತ್ರಕ್ಕೆ ಕಂಪನಿಯ ಗಾಳಿಯೂ ಸೋಕಿಲ್ಲ ಅಂತಲ್ಲ. ಅದರಲ್ಲಿ ತಪ್ಪೂ ಇಲ್ಲ. ನಿಮ್ಮ 14 ಪುಟದಲ್ಲಿ 'ಧನಸಹಾಯ' ಅಂತ ಒಂದು ಸಾಲು ಇರಬೇಕು, ಹುಡುಕಿ. ಇಲ್ಲದಿದ್ದರೆ ಕೇಳಿ.

ಇನ್ನು, ಯೂನಿವರ್ಸಿಟಿಗೆ ಏನು ಲಾಭ ಅನ್ನುವ ಪ್ರಶ್ನೆ.

ಔಷಧ ಕಂಪನಿ ದುಡ್ಡು ಹಾಕುವುದು ಮುಂದೆ ದುಡ್ಡು ಬರುವ ಕಡೆ. ಅದು ವ್ಯಾಪಾರ. ಪೇಟೆಂಟ್ ಮುಗಿದ, ಹತ್ತಾರು ಕಂಪನಿಗಳು ತಯಾರಿಸುವ ಅಗ್ಗದ ಹಳೇ ಮಾತ್ರೆ ಇನ್ನೊಂದು ಕಾಯಿಲೆಗೂ ಆಗಿಬರುತ್ತದಾ ಅಂತ ನೋಡಲು ಯಾವ ಕಂಪನಿಯೂ ಕೋಟಿಗಟ್ಟಲೆ ಸುರಿಯುವುದಿಲ್ಲ. ಆ ಪ್ರಶ್ನೆಗಳು ಹಾಗೇ ಬಿದ್ದಿರುತ್ತವೆ. ಅವನ್ನು ಎತ್ತಿಕೊಳ್ಳುವುದು ವಿಶ್ವವಿದ್ಯಾಲಯಗಳು, ಸರ್ಕಾರಿ ಸಂಶೋಧನಾ ಸಂಸ್ಥೆಗಳು. ಪ್ರೊಫೆಸರಿಗೆ ಹೆಸರು, ಬಡ್ತಿ, ಒಳ್ಳೆ ಪತ್ರಿಕೆಯಲ್ಲಿ ಲೇಖನ ಸಿಗುತ್ತದೆ. ಕಾಲೇಜಿಗೆ ಗ್ರಾಂಟ್ ಬರುತ್ತದೆ. ಅಷ್ಟು ಸ್ವಾರ್ಥ ಇಲ್ಲ ಅಂತ ನಾನು ಹೇಳುವುದಿಲ್ಲ.

ಇದಕ್ಕೆ ನಮ್ಮ ಬೆಳಗಾವಿಯಲ್ಲೇ ಒಂದು ಕಥೆ ಇದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. 2002ರ ಸುಮಾರು. ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಹೆರಿಗೆ ಮನೆಯಲ್ಲೇ, ಇಲ್ಲವೇ ಉಪಕೇಂದ್ರದಲ್ಲಿ ಆಗುತ್ತಿದ್ದವು. ಮಾಡಿಸುವವರು ಎಎನ್‌ಎಂ ಸಿಸ್ಟರ್. ಹೆರಿಗೆ ಆದಮೇಲೆ ರಕ್ತ ನಿಲ್ಲದೆ ತಾಯಿ ತೀರಿಕೊಳ್ಳುವುದು ದೊಡ್ಡ ಭಯ. ಅದಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿ ಬೇಕು, ಚುಚ್ಚಲು ಬರಬೇಕು. ಹೊಟ್ಟೆಯ ಹುಣ್ಣಿಗೆ ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆಗೆ ಇದ್ಯಾವುದೂ ಬೇಡ. ಸಿಸ್ಟರ್ ಬ್ಯಾಗಿನಲ್ಲಿ ಹಾಕಿಕೊಂಡು ನಡೆಯಬಹುದು. ಅದು ರಕ್ತ ನಿಲ್ಲಿಸುತ್ತದಾ?

ಅಮೆರಿಕದ ವಿಶ್ವವಿದ್ಯಾಲಯಗಳ ತಜ್ಞರು ಮತ್ತು ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಸೇರಿ ಇದನ್ನು ಪರೀಕ್ಷೆ ಮಾಡಿದರು. ದುಡ್ಡು ಬಂದದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಿಂದ. ಸೇರಿದವರು 1,620 ಹೆಣ್ಣುಮಕ್ಕಳು. ಸುಮಾರು ಅರ್ಧ ಜನಕ್ಕೆ ಆ ಮಾತ್ರೆ, ಉಳಿದವರಿಗೆ ಖಾಲಿ ಮಾತ್ರೆ. ಎಷ್ಟು ರಕ್ತ ಹೋಯಿತು ಅಂತ ಕಣ್ಣಂದಾಜಿನಲ್ಲಿ ಹೇಳಿದರೆ ಆಗುವುದಿಲ್ಲವಲ್ಲ. ಅದಕ್ಕೆ ಅಲ್ಲೇ ಒಂದು ಉಪಾಯ ಮಾಡಿದರು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ಒಂದು ತುದಿ ಆಲಿಕೆಯ ಹಾಗೆ ಚೀಲವಾಗಿ ಇಳಿದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ಹಾಲು ಅಳೆದ ಹಾಗೆ ರಕ್ತ ಅಳೆಯಬಹುದು. ಮನೆಯ ಬುಡ್ಡಿ ದೀಪದ ಬೆಳಕಲ್ಲೂ 500 ಮಿಲಿ ಗೆರೆ ದಾಟಿತಾ ಇಲ್ಲವಾ ಗೊತ್ತಾಗುತ್ತದೆ. 2006ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಖಾಲಿ ಮಾತ್ರೆ ತಗೊಂಡವರಲ್ಲಿ 100ಕ್ಕೆ 12 ಜನಕ್ಕೆ ಅತಿ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ 6.4. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಂಜೆಕ್ಷನ್ ಇರುವಾಗ ಖಾಲಿ ಮಾತ್ರೆ ಕೊಟ್ಟದ್ದು ಸರಿಯಾ ಅಂತ ನಿಮಗೂ ಅನ್ನಿಸಿರಬಹುದು. ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬಳಾದರೂ ಹುಡುಗಿ ಎದ್ದು ಕೇಳುತ್ತಿದ್ದಳು. ಆ ಮನೆಗಳಿಗೆ, ಆ ಸಿಸ್ಟರ್ ಕೈಗೆ ಆಗ ಇಂಜೆಕ್ಷನ್ ತಲುಪುತ್ತಲೇ ಇರಲಿಲ್ಲ ಅನ್ನುವುದು ಅದಕ್ಕಿರುವ ಉತ್ತರ. ಆ ಉತ್ತರ ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ. ಕೇಳುವುದಂತೂ ಸರಿ.

ಈಗ ನಿಮ್ಮ ಅಪ್ಪನ ಮಾತ್ರೆಗೆ ಬರೋಣ. ಕಾಲ್ಚಿಸಿನ್ ಬಹಳ ಹಳೇ ಔಷಧ. ಮಲೆನಾಡಿನ ಕಡೆ ಗೌರಿ ಹೂವು ಅಂತ ಕರೆಯುವ, ಬೆಂಕಿ ನಾಲಿಗೆಯ ಹಾಗೆ ಕೆಂಪು ಹಳದಿ ಹೂ ಬಿಡುವ ಬಳ್ಳಿ ಇದೆಯಲ್ಲ, ಅದರ ಗಡ್ಡೆ, ಬೀಜದಲ್ಲೂ ಇರುವುದು ಇದೇ ವಸ್ತು. ಗಡ್ಡೆ ತಿಂದು ಸತ್ತವರಿದ್ದಾರೆ. ಅಳತೆ ತಪ್ಪದ ಹಾಗೆ ಕೊಟ್ಟರೆ ಅದೇ ವಸ್ತು ಗೌಟ್‌ನಲ್ಲಿ ಊದಿಕೊಂಡ ಹೆಬ್ಬೆರಳಿನ ಊತ ಇಳಿಸುತ್ತದೆ. ಹೃದಯಕ್ಕೂ ಇದಕ್ಕೂ ಏನು ಸಂಬಂಧ? ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಅಲ್ಲಿಯೂ ಒಳಗೊಳಗೇ ಉರಿಯೂತ ಇರುತ್ತದೆ. ಸಾಮಾನ್ಯವಾಗಿ ಆ ಕೊಬ್ಬಿನ ಗಂಟು ಒಡೆದಾಗ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗುವುದು. ಊತ ಇಳಿಸುವ ಮಾತ್ರೆ ಅಲ್ಲೂ ಕೆಲಸ ಮಾಡಬಹುದು ಅನ್ನುವುದು ಲೆಕ್ಕಾಚಾರ.

ಲೆಕ್ಕಾಚಾರ ಸರಿಯಾ? 2019ರಲ್ಲಿ ಕೆನಡಾದ ಮಾಂಟ್ರಿಯಲ್ ಹಾರ್ಟ್ ಇನ್‌ಸ್ಟಿಟ್ಯೂಟ್ ನಡೆಸಿದ ಟ್ರಯಲ್‌ನ ಫಲಿತಾಂಶ ಬಂತು. ಈಚೆಗೆ ಹಾರ್ಟ್ ಅಟ್ಯಾಕ್ ಆದ 4,745 ಜನ, ದಿನಕ್ಕೆ ಅರ್ಧ ಮಿಲಿಗ್ರಾಂ. ಎರಡು ವರ್ಷದ ಹತ್ತಿರ ಗಮನಿಸಿದಾಗ ಹೃದಯದ ತೊಂದರೆಯೋ ಲಕ್ವವೋ ಮತ್ತೆ ಕಾಡಿದ್ದು ಖಾಲಿ ಮಾತ್ರೆಯವರಲ್ಲಿ 100ಕ್ಕೆ 7.1, ಕಾಲ್ಚಿಸಿನ್‌ನವರಲ್ಲಿ 5.5. ಎಲ್ಲರಿಗೂ ಖುಷಿ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೃದಯದ ಕಾಯಿಲೆಗೆ ಈ ಸಣ್ಣ ಡೋಸ್‌ಗೆ ಒಪ್ಪಿಗೆಯನ್ನೂ ಕೊಟ್ಟಿತು. ಆಮೇಲೆ 2024ರಲ್ಲಿ ಇನ್ನೂ ದೊಡ್ಡ ಟ್ರಯಲ್‌ನ ಫಲಿತಾಂಶ ಬಂತು. ಅದರ ಯಜಮಾನಿಕೆಯೂ ಮೇಲೆ ಹೇಳಿದ ಮ್ಯಾಕ್‌ಮಾಸ್ಟರ್ ಸಂಸ್ಥೆಯದ್ದೇ. 7,062 ಜನ, ಸುಮಾರು ಮೂರು ವರ್ಷ. ಕಾಲ್ಚಿಸಿನ್‌ನವರಲ್ಲಿ 9.1, ಖಾಲಿ ಮಾತ್ರೆಯವರಲ್ಲಿ 9.3. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಭೇದಿ ಮಾತ್ರ ಜಾಸ್ತಿ: 10.2 ಮತ್ತು 6.6.

ಒಂದೇ ಮಾತ್ರೆ, ಒಂದೇ ದೇಶದ ಎರಡು ಸಂಸ್ಥೆ, ಎರಡು ಉತ್ತರ. ಇದರಿಂದ ನೀವು ತಿಳಿಯಬೇಕಾದದ್ದು ಇಷ್ಟು. ಖಾಲಿ ಮಾತ್ರೆ ಸಿಕ್ಕರೆ ಅಪ್ಪನಿಗೆ ಮೋಸ ಆಯಿತು, ಕಾಲ್ಚಿಸಿನ್ ಸಿಕ್ಕರೆ ಅದೃಷ್ಟ, ಅಂತ ಯಾರೂ ಇವತ್ತು ಎದೆ ತಟ್ಟಿ ಹೇಳಲಾರರು. ಗೊತ್ತಿಲ್ಲದ್ದಕ್ಕೇ ಟ್ರಯಲ್. ಡಾಕ್ಟರಿಗೆ ಯಾವುದು ಮೇಲು ಅಂತ ನಿಜವಾಗಿ ಗೊತ್ತಿದ್ದರೆ ಚೀಟಿ ಎತ್ತಿ ಹಂಚುವುದು ತಪ್ಪಾಗುತ್ತದೆ. ಹಾಗಾಗಿ ಅವರನ್ನು ನೇರವಾಗಿ ಕೇಳಿ: "2024ರ ದೊಡ್ಡ ಟ್ರಯಲ್‌ನಲ್ಲಿ ಉಪಯೋಗ ಕಾಣಲಿಲ್ಲವಂತಲ್ಲ, ಮತ್ತೆ ಇದು ಯಾಕೆ?" ಒಳ್ಳೆ ಉತ್ತರ ಇರಬಹುದು. ಬೇರೆ ಡೋಸ್, ಬೇರೆ ತರಹದ ರೋಗಿಗಳು, ಸಕ್ಕರೆ ಕಾಯಿಲೆ ಇರುವವರು ಮಾತ್ರ, ಹೀಗೆ. ತಬ್ಬಿಬ್ಬಾದರೆ ಅದೂ ಒಂದು ಉತ್ತರವೇ.

ಚೀಟಿ ಎತ್ತುವುದು ಅಂದೆನಲ್ಲ, ಅದರ ಹಿಂದೆಯೂ ಒಂದು ಕಥೆ. ನಮ್ಮ ಕಮಿಟಿಗೆ ಒಮ್ಮೆ ಬಂದ ಒಪ್ಪಿಗೆ ಪತ್ರದ ಕನ್ನಡ ಅನುವಾದದಲ್ಲಿ 'ನಿಮ್ಮನ್ನು ಯಾದೃಚ್ಛಿಕೀಕರಣಗೊಳಿಸಲಾಗುವುದು' ಅಂತ ಇತ್ತು. ಕಮಿಟಿಯಲ್ಲಿ ವೈದ್ಯರಲ್ಲದ ಸದಸ್ಯರೊಬ್ಬರು ಇರಲೇಬೇಕು. ನಮ್ಮಲ್ಲಿ ಅವರು ನಿವೃತ್ತ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅವರು ಕನ್ನಡಕ ತೆಗೆದು, "ಇದನ್ನ ನನಗೆ ಮಾಡ್ತೀನಿ ಅಂದ್ರೆ ನಾನು ಓಡಿ ಹೋಗ್ತೀನಿ" ಅಂದರು. ಎಲ್ಲರೂ ನಕ್ಕೆವು. 'ಚೀಟಿ ಎತ್ತಿದ ಹಾಗೆ ನಿಮಗೆ ಎರಡರಲ್ಲಿ ಒಂದು ಮಾತ್ರೆ ಬರುತ್ತದೆ, ಅದನ್ನು ನೀವೂ ಆರಿಸುವುದಿಲ್ಲ, ಡಾಕ್ಟರೂ ಆರಿಸುವುದಿಲ್ಲ' ಅಂತ ತಿದ್ದಿಸಿದೆವು. ನಿಮ್ಮ 14 ಪುಟದಲ್ಲಿ ಇಂಥ ಪದ ಸಿಕ್ಕರೆ ನಿಮ್ಮ ಓದಿನ ಕೊರತೆ ಅಂದುಕೊಳ್ಳಬೇಡಿ. ಬರೆದವರ ಕೊರತೆ. ಪ್ರತಿ ಪುಟವನ್ನೂ ಮಾತಿನಲ್ಲಿ ಬಿಡಿಸಿ ಹೇಳಿ ಅಂತ ಕೇಳುವ ಹಕ್ಕು ಅಪ್ಪನಿಗೆ ಇದೆ.

ಖಾಲಿ ಮಾತ್ರೆ ಬಗ್ಗೆ ಇನ್ನೊಂದು ಮಾತು. ಅಪ್ಪ ಈಗ ತಗೊಳ್ಳುತ್ತಿರುವ ಆಸ್ಪಿರಿನ್, ರಕ್ತ ತೆಳುವಾಗುವ ಇನ್ನೊಂದು ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಇವನ್ನು ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಆ ಕ್ಷಣ ಎದ್ದು ಬನ್ನಿ. ಇಂಥ ಟ್ರಯಲ್‌ನಲ್ಲಿ ಟ್ರಯಲ್ ಮಾತ್ರೆ ಇವುಗಳ ಜೊತೆಗೆ ಬರಬೇಕು, ಇವುಗಳ ಬದಲಿಗೆ ಅಲ್ಲ. ಸ್ಟೆಂಟ್ ಹಾಕಿ ಎರಡೇ ತಿಂಗಳಾಗಿದೆ. ಈ ಹೊತ್ತಿನಲ್ಲಿ ರಕ್ತ ತೆಳುವಾಗುವ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಭಾವನ ಇಲಿ ಮಾತಿಗೆ ಬರುತ್ತೇನೆ. ಮನುಷ್ಯರಿಗೆ ಮೊಟ್ಟಮೊದಲ ಸಲ ಕೊಡುವ ಔಷಧ ಆಗಿದ್ದರೆ ಅವರ ಭಯಕ್ಕೆ ಜಾಸ್ತಿ ಆಧಾರ ಇರುತ್ತಿತ್ತು. ಕಾಲ್ಚಿಸಿನ್‌ನ ಗುಣ ದೋಷ ಎರಡೂ ಚೆನ್ನಾಗಿ ಗೊತ್ತಿವೆ. ಹಾಗಂತ ಹಳೇ ಔಷಧಕ್ಕೆ ಅಪಾಯ ಇಲ್ಲ ಅಂತಲ್ಲ. ಈ ಮಾತ್ರೆಯಲ್ಲಿ ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಕಡಿಮೆ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಮೈಯಲ್ಲಿ ಶೇಖರವಾಗುತ್ತದೆ. ಕ್ಲಾರಿಥ್ರೋಮೈಸಿನ್ ಅಂತ ಒಂದು ಆ್ಯಂಟಿಬಯೋಟಿಕ್ ಇದೆ, ಗಂಟಲು ನೋವು, ಎದೆ ಕಫ ಅಂದರೆ ಬರೆದುಕೊಡುತ್ತಾರೆ. ಅದರ ಜೊತೆ ಕಾಲ್ಚಿಸಿನ್ ಸೇರಿದರೆ ಪ್ರಾಣಕ್ಕೇ ಬರಬಹುದು. ಬಿಪಿ, ಎದೆನೋವಿಗೆ ಕೊಡುವ ಡಿಲ್ಟಿಯಾಜೆಮ್, ವೆರಪಾಮಿಲ್ ಮಾತ್ರೆಗಳ ಜೊತೆಗೂ ಹುಷಾರಾಗಿರಬೇಕು. ಕೊಲೆಸ್ಟರಾಲ್ ಮಾತ್ರೆ ಜೊತೆ ಸೇರಿದಾಗ ಅಪರೂಪಕ್ಕೆ ಸ್ನಾಯುಗಳಿಗೆ ಪೆಟ್ಟು ಬೀಳುತ್ತದೆ. ತೊಡೆ, ತೋಳು ಸೋತು ನೋವು ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಫೋನ್ ಮಾಡಬೇಕು. ಭೇದಿ ಸಾಮಾನ್ಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಡಬ್ಬಿ ಕೈಗೆ ಸಿಗಬಾರದು.

ಹಳ್ಳಿಯಲ್ಲಿ ಆಗುವುದು ಹೀಗೆ: ಜ್ವರ ಬಂತು, ಮೆಡಿಕಲ್ ಶಾಪಿಗೆ ಹೋಗಿ ನಾಲ್ಕು ಮಾತ್ರೆ ತಂದರು. ಟ್ರಯಲ್‌ನಲ್ಲಿ ಇದ್ದೀನಿ ಅಂತ ಅಂಗಡಿಯವರಿಗೆ ಹೇಳುವುದಿಲ್ಲ. ಅಪ್ಪ ಸೇರಿದರೆ ಅವರಿಗೆ ಕೊಡುವ ಪುಟ್ಟ ಕಾರ್ಡ್ ಜೇಬಿನಲ್ಲೇ ಇರಬೇಕು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಬೇಕು. ಖಾಲಿ ಮಾತ್ರೆ ಇರಬಹುದು ಅಂದುಕೊಂಡು ಸುಮ್ಮನಿರುವ ಹಾಗಿಲ್ಲ. ನಿಜವಾದ ಮಾತ್ರೆಯೇ ಇದೆ ಅಂತ ಇಟ್ಟುಕೊಂಡು ನಡೆಯಬೇಕು.

ನರ್ಸ್ ಅಕ್ಕನ ಮಾತಿಗೆ ನನ್ನ ತಕರಾರು ಇನ್ನೂ ಜಾಸ್ತಿ. ಕಂಪನಿ ಇಲ್ಲ ಅಂದಮೇಲೆ ಭಯ ಇಲ್ಲ ಅನ್ನುವುದು ತಪ್ಪು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಕೊಡುವ ಒಂದು ಯೋಜನೆ ನಡೆಯಿತು. ನಡೆಸಿದ್ದು ಲಾಭಕ್ಕಲ್ಲದ ಒಂದು ಅಂತಾರಾಷ್ಟ್ರೀಯ ಸಂಸ್ಥೆ, ಜೊತೆಗೆ ನಮ್ಮ ಸರ್ಕಾರಿ ಸಂಸ್ಥೆಗಳು. ಕೆಲವು ಹುಡುಗಿಯರು ತೀರಿಕೊಂಡಾಗ 2010ರಲ್ಲಿ ಅದನ್ನು ನಿಲ್ಲಿಸಿದರು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಇಲ್ಲ ಅಂತ ತನಿಖೆ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿ ನೋಡಿ ಸಂಸತ್ತಿನ ಸಮಿತಿ 2013ರಲ್ಲಿ ಕಟುವಾಗಿ ಬರೆಯಿತು. ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಲಾಭದ ಆಸೆ ಇಲ್ಲದ ಕಡೆಯೂ ಅಸಡ್ಡೆ ಇರಬಹುದು.

ಅದೇ ಹೊತ್ತಿಗೆ ಔಷಧ ಪ್ರಯೋಗಗಳ ಬಗ್ಗೆ ಸುಪ್ರೀಂ ಕೋರ್ಟಿಗೂ ಕೇಸ್ ಹೋಯಿತು. ನಿಯಮ ಬಿಗಿಯಾಯಿತು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಇಲ್ಲಿ ನಿಮಗೆ ಸಂಬಂಧಪಟ್ಟ ಒಂದು ಸೂಕ್ಷ್ಮ ಇದೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧವನ್ನು, ಮಾರಾಟದ ಪರವಾನಗಿಗಾಗಿ ಅಲ್ಲದೆ ಬರೀ ಜ್ಞಾನಕ್ಕಾಗಿ, ಹೊಸ ಉಪಯೋಗಕ್ಕೋ ಹೊಸ ಡೋಸ್‌ಗೋ ಪರೀಕ್ಷಿಸಿದರೆ ಅದು 'ಅಕಾಡೆಮಿಕ್ ಟ್ರಯಲ್'. ಅದಕ್ಕೆ ದೆಹಲಿಯ ಔಷಧ ನಿಯಂತ್ರಕರ ಅನುಮತಿ ಸಾಮಾನ್ಯವಾಗಿ ಬೇಕಿಲ್ಲ. ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಕು. ಅಂದರೆ ನಿಮ್ಮ ಅಪ್ಪನಿಗೂ ಅಪಾಯಕ್ಕೂ ನಡುವೆ ನಿಂತ ಗೋಡೆ ಹೆಚ್ಚುಕಡಿಮೆ ಆ ಕಮಿಟಿ ಒಂದೇ. ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅಧ್ಯಕ್ಷರು ಆ ಕಾಲೇಜಿನವರಾಗಿರಬಾರದು. ಅರ್ಧ ಜನ ಹೊರಗಿನವರು. ಕಾನೂನು ಬಲ್ಲವರು, ಹೆಣ್ಣುಮಗಳು, ನಮ್ಮ ಮೇಷ್ಟ್ರಂಥ ಸಾಮಾನ್ಯರು ಇರಬೇಕು. ಒಳ್ಳೆ ಕಮಿಟಿ ಇದ್ದರೆ ಗೋಡೆ ಗಟ್ಟಿ. ಎಲ್ಲ ಕಮಿಟಿಗಳೂ ಒಂದೇ ಥರ ಅಂತ ನಾನು ಪ್ರಮಾಣ ಮಾಡಲಾರೆ.

ಇನ್ನು ಪರಿಹಾರ. ನಿಯಂತ್ರಕರ ಅನುಮತಿಯಿಂದ ನಡೆಯುವ ಟ್ರಯಲ್‌ಗಳಲ್ಲಿ ಸಾವಾದರೆ 8 ಲಕ್ಷವನ್ನು ಮೂಲವಾಗಿಟ್ಟು, ವಯಸ್ಸು ಮತ್ತು ಕಾಯಿಲೆಯ ತೀವ್ರತೆ ನೋಡಿ ಲೆಕ್ಕ ಹಾಕುವ ಸೂತ್ರ ಇದೆ. ಅಕಾಡೆಮಿಕ್ ಟ್ರಯಲ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ದಾರಿ. ಅದರ ಪ್ರಕಾರ ಸಂಸ್ಥೆಯೇ ಪರಿಹಾರ ಕೊಡಬೇಕು ಇಲ್ಲವೇ ವಿಮೆ ಮಾಡಿಸಿರಬೇಕು. ಹಕ್ಕು ಇದೆ. ಆದರೆ ಕಂಪನಿಯ ಜೇಬಿಗೂ ಕಾಲೇಜಿನ ಜೇಬಿಗೂ ವ್ಯತ್ಯಾಸ ಇದೆಯಲ್ಲ. ದೊಡ್ಡ ಕಂಪನಿಯ ಟ್ರಯಲ್‌ನಲ್ಲಿ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಹೊರಗಿನವರು ಬಂದು ಪ್ರತಿ ಫೈಲನ್ನೂ ತಡಕಾಡುವುದನ್ನು ನೋಡಿದ್ದೇನೆ. ಅಕಾಡೆಮಿಕ್ ಟ್ರಯಲ್‌ನಲ್ಲಿ ಅದಕ್ಕೆ ದುಡ್ಡೇ ಇರುವುದಿಲ್ಲ, ಎಷ್ಟೋ ಸಲ. ಒಮ್ಮೆ ಒಂದು ಫೈಲಿನಲ್ಲಿ 'ತೊಂದರೆಯಾದಲ್ಲಿ ಸಂಸ್ಥೆಯ ನಿಯಮದಂತೆ ಚಿಕಿತ್ಸೆ ನೀಡಲಾಗುವುದು' ಅಂತ ಬರೆದಿದ್ದರು. ಯಾವ ನಿಯಮ ಅಂತ ಕೇಳಿದೆವು. ಅಂಥ ನಿಯಮವೇ ಇರಲಿಲ್ಲ. ನಿಮ್ಮ ಕಾಗದದಲ್ಲೂ ಇಂಥ ಸಾಲು ಇದ್ದರೆ ಅಲ್ಲೇ ಬೆರಳಿಟ್ಟು ಕೇಳಿ: ವಿಮೆ ಮಾಡಿಸಿದ್ದೀರಾ? ಯಾವ ಕಂಪನಿ? ಎಲ್ಲಿಯವರೆಗೆ?

ಇದು ನಿಜವಾಗಿ ನೋಂದಣಿ ಆದ ಟ್ರಯಲ್ಲಾ ಅಂತ ನೀವೇ ಮನೆಯಲ್ಲಿ ಕೂತು ನೋಡಬಹುದು. ಐಸಿಎಂಆರ್ 2007ರಿಂದ ಸಿಟಿಆರ್‌ಐ ಎಂಬ ನೋಂದಣಿ ಪುಸ್ತಕ ನಡೆಸುತ್ತಿದೆ, ಅಂತರ್ಜಾಲದಲ್ಲಿ, ಎಲ್ಲರಿಗೂ ತೆರೆದಿದೆ. ನಿಮ್ಮ ಕಾಗದದಲ್ಲಿ ಸಿಟಿಆರ್‌ಐ ಅಂತ ಶುರುವಾಗಿ, ಇಸವಿ, ತಿಂಗಳು, ಆಮೇಲೆ ಆರು ಅಂಕಿ ಇರುವ ನಂಬರ್ ಇರಬೇಕು. ಅದನ್ನು ಹಾಕಿದರೆ ಪ್ರಾಯೋಜಕರು ಯಾರು, ಎಷ್ಟು ಜನ ಸೇರಬೇಕು, ಯಾವ ಆಸ್ಪತ್ರೆಗಳಲ್ಲಿ, ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ, ಎಲ್ಲ ಬರುತ್ತದೆ. ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು. ನಂಬರೇ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಎಷ್ಟು ಜನ ಸೇರಬೇಕು ಅನ್ನುವ ಅಂಕಿ ಗಮನಿಸಿ. 60 ಅಂತ ಇದ್ದರೆ ಅದು ಬಹುಶಃ ಯಾರೋ ಪಿಜಿ ವಿದ್ಯಾರ್ಥಿಯ ಥೀಸಿಸ್. ಥೀಸಿಸ್ ಕೆಟ್ಟದ್ದಲ್ಲ, ಎಂಡಿ ಮಾಡುವವರೆಲ್ಲ ಬರೆಯಲೇಬೇಕು. ಆದರೆ 7,062 ಜನರಲ್ಲಿ ಸ್ಪಷ್ಟವಾಗದ ಪ್ರಶ್ನೆ 60 ಜನರಲ್ಲಿ ಬಗೆಹರಿಯುವುದಿಲ್ಲ. ಅಪ್ಪ ತಗೊಳ್ಳುವ ತೊಂದರೆಗೆ ತಕ್ಕ ಉಪಯೋಗ ಜಗತ್ತಿಗೂ ಆಗುವುದಿಲ್ಲ. ನಾನಾಗಿದ್ದರೆ ಖಾಲಿ ಮಾತ್ರೆ ಇರುವ ಅಂಥ ಸಣ್ಣ ಸ್ಟಡಿಗೆ ನಮ್ಮಪ್ಪನನ್ನು ಸೇರಿಸುತ್ತಿರಲಿಲ್ಲ. ಸಾವಿರಾರು ಜನರ, ಹಲವು ಆಸ್ಪತ್ರೆಗಳ ಟ್ರಯಲ್ ಆಗಿದ್ದರೆ ಯೋಚನೆ ಮಾಡುತ್ತಿದ್ದೆ.

ಒಲ್ಲೆ ಅಂದರೆ ಏನಾಗುತ್ತದೆ? ಏನೂ ಆಗಬಾರದು. ಚಿಕಿತ್ಸೆ ಹಾಗೇ ಮುಂದುವರಿಯಬೇಕು, ಆಯುಷ್ಮಾನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಈ ಮಾತು ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಡಾಕ್ಟರ ಮುಖ ಸ್ವಲ್ಪ ಸಪ್ಪಗಾಗಬಹುದು, ಅಷ್ಟೇ. ಎದುರಿಗೆ ಬೇಡ ಅನ್ನಲು ಅಪ್ಪನಿಗೆ ದಾಕ್ಷಿಣ್ಯ ಆಗುತ್ತದೆ ಅಂತ ನನಗೆ ಗೊತ್ತು. ನಮ್ಮ ಜನ ಜೀವ ಉಳಿಸಿದ ಡಾಕ್ಟರಿಗೆ ಇಲ್ಲ ಅನ್ನುವುದಿಲ್ಲ. ಅದಕ್ಕೇ ಕಾಗದ ಮನೆಗೆ ತಂದದ್ದು ಒಳ್ಳೆಯದಾಯಿತು. "ಮನೆಯಲ್ಲಿ ಮಾತಾಡಿ ಹೇಳ್ತೀವಿ" ಅಂದರೆ ಸಾಕು. ಅವತ್ತೇ ಸಹಿ ಬೇಕು ಅಂತ ಒತ್ತಾಯ ಮಾಡಿದರೆ ಅದು ಒಳ್ಳೆ ಲಕ್ಷಣವಲ್ಲ.

ಸೇರಿದರೆ ಟ್ರಯಲ್‌ಗೆ ಬೇಕಾದ ಮಾತ್ರೆಗೆ, ಪರೀಕ್ಷೆಗಳಿಗೆ ನಿಮ್ಮ ಹತ್ತಿರ ದುಡ್ಡು ಕೇಳಬಾರದು. ಬಂದು ಹೋಗುವ ಬಸ್ ಚಾರ್ಜು ಕೊಡಬಹುದು, ಕೊಡುವುದು ವಾಡಿಕೆ. ಬೇಡವೆನಿಸಿದ ದಿನ ಕಾರಣ ಹೇಳದೆ ಬಿಡಬಹುದು. ಆದರೆ ಸುಮ್ನೆ ಮಾತ್ರೆ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ. ಒಂದು ಮಾತು ತಿಳಿಸಿ, ಕೊನೆಯ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸಹಿ ಮಾಡಿದ ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಅಪ್ಪನಿಗೆ ಓದಲು ಬರದಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿಯಾಗಿ ಪೂರ್ತಿ ಹೊತ್ತು ಕೂತಿದ್ದು ಸಹಿ ಹಾಕಬೇಕು.

ಹಾಗಾದರೆ ಸೇರಿಸಬೇಕಾ ಬೇಡವಾ? ಅಪ್ಪನ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಸರಿಯಾಗಿದ್ದು, ಕ್ಲಾರಿಥ್ರೋಮೈಸಿನ್, ಡಿಲ್ಟಿಯಾಜೆಮ್, ವೆರಪಾಮಿಲ್ ಅವರ ಚೀಟಿಯಲ್ಲಿ ಇಲ್ಲದಿದ್ದರೆ, ಟ್ರಯಲ್ ದೊಡ್ಡದಾಗಿದ್ದು ವಿಮೆ ಇದ್ದರೆ, ಅಪ್ಪನಿಗೆ ಮನಸ್ಸಿದ್ದರೆ, ಬೇಡ ಅನ್ನಲು ನನಗೆ ಕಾರಣ ಕಾಣುವುದಿಲ್ಲ. ಮೇಲಿಂದ ಮೇಲೆ ಪರೀಕ್ಷೆ ಆಗುತ್ತಿರುತ್ತದೆ, ಅದೊಂದು ಅನುಕೂಲ. ಕಾಯಿಲೆ ಇದರಿಂದಲೇ ವಾಸಿಯಾಗುತ್ತದೆ ಅನ್ನುವ ಆಸೆಯಿಂದ ಮಾತ್ರ ಸೇರಿಸಬೇಡಿ. ಅಪ್ಪನಿಗೆ ಉಪಯೋಗ ಆಗಬಹುದು, ಆಗದೆಯೂ ಇರಬಹುದು. ಕಿಡ್ನಿ, ಮಾತ್ರೆ, ಟ್ರಯಲ್ ಗಾತ್ರ, ವಿಮೆ, ಅಪ್ಪನ ಮನಸ್ಸು, ಇವುಗಳಲ್ಲಿ ಯಾವುದಾದರೂ ಒಂದು ಸರಿಹೋಗದಿದ್ದರೂ ಬಿಟ್ಟುಬಿಡಿ. ಈಗಿನ ಮಾತ್ರೆ ತಪ್ಪದೆ ತಗೊಂಡು, ಬೀಡಿ ಅಭ್ಯಾಸ ಇದ್ದರೆ ಬಿಟ್ಟು, ದಿನಾ ತೋಟ ಸುತ್ತಿದರೆ ಅದೇ ದೊಡ್ಡ ಚಿಕಿತ್ಸೆ.

ಸಹಿ ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡಿ. ಕಾಗದದ ಕೊನೆಯ ಪುಟದಲ್ಲಿ ತುರ್ತು ಕರೆಗೆ ಒಂದು ನಂಬರ್ ಇರುತ್ತದೆ. ಒಂದು ಸಂಜೆ ಏಳರ ಮೇಲೆ ಅದಕ್ಕೆ ಫೋನ್ ಮಾಡಿ ನೋಡಿ. ನಾನು ಕಮಿಟಿಯಲ್ಲಿದ್ದಾಗ ಒಂದು ಫೈಲಿನ ನಂಬರಿಗೆ ಹಾಗೆ ಮಾಡಿದ್ದೆ. ಅದು ಡಿಪಾರ್ಟ್‌ಮೆಂಟಿನ ಲ್ಯಾಂಡ್‌ಲೈನ್. ರಿಂಗ್ ಆಗುತ್ತಲೇ ಇತ್ತು. ಮಾರನೇ ದಿನ ಆ ಫೈಲ್ ವಾಪಸ್ ಕಳಿಸಿದೆವು. ಯಾರಾದರೂ ಫೋನ್ ಎತ್ತಿ ಮಾತಾಡಿದರೆ, ಮುಂದಿನ ಚೆಕಪ್‌ಗೆ ಕ್ರಿಯಾಟಿನಿನ್ ರಿಪೋರ್ಟ್ ಮತ್ತು ಈಗಿನ ಮಾತ್ರೆಗಳ ಚೀಟಿ ಹಿಡಿದುಕೊಂಡು ಹೋಗಿ. ಭಾವನನ್ನೂ ಕರೆದುಕೊಂಡು ಹೋಗಿ. ಅನುಮಾನದವರೊಬ್ಬರು ಜೊತೆಗಿದ್ದರೆ ಪ್ರಶ್ನೆಗಳು ಚೆನ್ನಾಗಿ ಬರುತ್ತವೆ.